ಮುಂದಿನ ಚಕ್ರಕ್ಕೆ ಮೋಟಾರ್ ಹಾಕೋ ಮುಂಚೆ ಫೋರ್ಕಿನ ತುದಿ ನೋಡ್ಕೊಳ್ಳಿ

ಸೈಕಲ್‌ಗೆ ಹಬ್ ಮೋಟಾರ್, ಅಂದ್ರೆ ಚಕ್ರದ ನಡುವೆನೇ ಕೂರೋ ಕರೆಂಟ್ ಮೋಟಾರ್, ಹಾಕಿಸ್ಬೇಕು, ಮುಂದೆ ಹಾಕಿಸ್ಲಾ ಹಿಂದೆ ಹಾಕಿಸ್ಲಾ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಹೇಳೋದು, ಮನೇಲಿ ಒಂದು ಮ್ಯಾಗ್ನೆಟ್ ಹುಡುಕಿ ಅಂತ. ಫ್ರಿಜ್ ಬಾಗಿಲಿಗೆ ಅಂಟಿಸಿರ್ತೀವಲ್ಲ, ಅದೇ ಸಾಕು. ಅದನ್ನ ಮುಂದಿನ ಚಕ್ರವನ್ನ ಎರಡು ಕಡೆ ಹಿಡ್ಕೊಂಡಿರೋ ಫೋರ್ಕಿನ ಕಾಲಿನ ಕೆಳತುದೀಲಿ, ಚಕ್ರದ ಅಚ್ಚು, ಅಂದ್ರೆ ಆಕ್ಸಲ್, ಕೂತಿರೋ ಜಾಗದಲ್ಲೇ ಹಿಡೀರಿ. ಟಪ್ ಅಂತ ಅಂಟ್ಕೊಂಡ್ರೆ ಸ್ಟೀಲು, ಮುಂದಿನ ಮಾತಾಡಬಹುದು. ಜಾರಿ ಬಿದ್ರೆ ಅದು ಅಲ್ಯೂಮಿನಿಯಂ ಇಲ್ಲಾ ಮೆಗ್ನೀಸಿಯಂ, ಆಗ ಮುಂದಿನ ಮೋಟಾರ್ ಆಸೆ ಬಿಟ್ಟು ಹಿಂದಿನ ಚಕ್ರದ ಕಡೆ ನೋಡೋದು ಒಳ್ಳೇದು. ನೂರು ವಿಡಿಯೋ ನೋಡಿದ್ರೂ ಕೊನೆಗೆ ಬಂದು ನಿಲ್ಲೋದು ಆ ಎರಡು ತುಂಡು ಲೋಹದ ಹತ್ರಾನೇ.

ನಾನು ಇದನ್ನ ಕಲಿತಿದ್ದು ಸ್ವಲ್ಪ ಕೆಟ್ಟ ದಾರೀಲಿ. ಮೈಸೂರಲ್ಲಿ ನಮ್ಮ ಮನೆಯಿಂದ ಕೆಲಸಕ್ಕೆ 7 ಕಿಲೋಮೀಟರು, ಹೋಗೋವಾಗ ಇಳಿಜಾರು, ಸಂಜೆ ಬರೋವಾಗ ಏರು, ಸುಸ್ತಾಗಿ ಬರೋ ಹೊತ್ತಿಗೇ ಏರು ಬರತ್ತೆ ನೋಡಿ. ಸರಿ ಅಂತ ಆನ್‌ಲೈನಲ್ಲಿ ಒಂದು 36 ವೋಲ್ಟ್ 250 ವ್ಯಾಟಿನ ಮುಂದಿನ ಚಕ್ರದ ಕಿಟ್ ತರಿಸಿದೆ. ಡಬ್ಬೀಲಿ ಚಕ್ರ ಇತ್ತು, ಮೋಟಾರಿಗೆ ಕರೆಂಟ್ ಅಳೆದು ಕೊಡೋ ಕಂಟ್ರೋಲರ್ ಇತ್ತು, ಹ್ಯಾಂಡಲಲ್ಲಿ ತಿರುಗಿಸೋ ಥ್ರಾಟಲ್ ಇತ್ತು, ಆಕ್ಸಲ್ ತಿರುಗದ ಹಾಗೆ ಹಿಡಿಯೋ ಟಾರ್ಕ್ ಆರ್ಮ್ ಮಾತ್ರ ಇರಲಿಲ್ಲ, ಅದೊಂದು ಇರಬೇಕು ಅನ್ನೋದೇ ನಂಗೆ ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಅಡ್ಜಸ್ಟಬಲ್ ಸ್ಪ್ಯಾನರ್ ತಗೊಂಡು ಎರಡು ನಟ್ಟು ಬಿಗಿ ಮಾಡಿ ರಸ್ತೆಗೆ ಇಳಿಸಿಬಿಟ್ಟೆ, ಎರಡು ವಾರ ರಾಜನ ಹಾಗೆ ಓಡಾಡಿದೆ. ಒಂದಿನ ಬೋಗಾದಿ ರಸ್ತೇಲಿ ಸಿಗ್ನಲ್ ಬಿಟ್ಟ ತಕ್ಷಣ ಥ್ರಾಟಲ್ ತಿರುಗಿಸಿದ್ರೆ ಕೆಳಗಿಂದ ಟಕ್ ಅಂತ ಒಂದು ಸದ್ದು. ಕಲ್ಲು ಸಿಡೀತೇನೋ ಅಂದ್ಕೊಂಡೆ. ಇನ್ನೊಂದ್ಸಲ ಟಕ್. ಇಳಿದು ನೋಡಿದ್ರೆ ಎಡಗಡೆ ನಟ್ಟು ಎರಡು ಸುತ್ತು ಸಡಿಲ ಆಗಿದೆ, ಮೋಟಾರಿನಿಂದ ಹೊರಗೆ ಬರೋ ವೈರು ಹಗ್ಗ ಹೊಸೆದ ಹಾಗೆ ಅರ್ಧ ಸುತ್ತು ತಿರುಚ್ಕೊಂಡಿದೆ, ಫೋರ್ಕಿನ ತುದೀಲಿ ಆಕ್ಸಲ್ ಕೂರೋ ಸೀಳಿನ ಒಳಗೋಡೆ ಹೊಸ ಕಾಸಿನ ಹಾಗೆ ಹೊಳೀತಿದೆ. ಅಲ್ಲಿಂದ ತಳ್ಳಿಕೊಂಡೇ ನಮ್ಮ ಬೀದಿ ಸೈಕಲ್ ಶಾಪಿಗೆ ಬಂದೆ. ಅಲ್ಲಿರೋ ಅಣ್ಣ ಕೂತು ನೋಡಿ, ಬೆರಳು ಹಾಕಿ ಸವರಿ, "ಏನ್ ಸಾರ್, ಡೈನಮೋ ಹಾಕಿದೀನಿ ಅಂದ್ಕೊಂಡ್ರಾ ಇದನ್ನ? ಇನ್ನೊಂದು ನಾಲ್ಕು ದಿನ ಹೋಗಿದ್ರೆ ಚಕ್ರ ನಿಮಗಿಂತ ಮುಂಚೆ ಮನೆ ಸೇರ್ತಿತ್ತು" ಅಂದ. ನಗು ಬಂತು, ರಾತ್ರಿ ಮಲಗಿದಾಗ ಮಾತ್ರ ಬರಲಿಲ್ಲ.

ಆಗಿದ್ದೇನು ಅಂದ್ರೆ, ಮಾಮೂಲಿ ಸೈಕಲಲ್ಲಿ ಮುಂದಿನ ಆಕ್ಸಲ್‌ಗೆ ಚಕ್ರ ಹೊತ್ಕೊಂಡು ಸುಮ್ನೆ ಕೂತಿರೋದಷ್ಟೇ ಕೆಲಸ. ಸೀಳು ಕೆಳಗೆ ಬಾಯಿ ಬಿಟ್ಕೊಂಡಿರತ್ತೆ, ನಮ್ಮ ಭಾರ ಮೇಲಿಂದ ಒತ್ತತಿರತ್ತೆ, ಅಷ್ಟಕ್ಕೇ ಅಂತ ಮಾಡಿರೋ ಜಾಗ ಅದು. ಹಬ್ ಮೋಟಾರಲ್ಲಿ ಆಕ್ಸಲ್ ಅಲ್ಲಾಡದೇ ನಿಂತ್ಕೋಬೇಕು, ಅದನ್ನ ಆನಿಸ್ಕೊಂಡು ಮೋಟಾರು ಚಕ್ರವನ್ನ ಮುಂದಕ್ಕೆ ತಿರುಗಿಸತ್ತೆ. ಚಕ್ರ ಮುಂದಕ್ಕೆ ಎಷ್ಟು ಜೋರಾಗಿ ತಿರುಗತ್ತೋ ಅಷ್ಟೇ ಜೋರಾಗಿ ಆಕ್ಸಲ್ ಹಿಂದಕ್ಕೆ ತಿರುಗೋಕೆ ನೋಡತ್ತೆ. ತಿರುಗಬಾರದು ಅಂತಾನೇ ಆಕ್ಸಲಿನ ಎರಡು ಪಕ್ಕ ಚಪ್ಪಟೆ ಮಾಡಿರ್ತಾರೆ, 12 ಎಂಎಂ ದಪ್ಪದ ಆಕ್ಸಲ್ ಚಪ್ಪಟೆ ಕಡೆ 10 ಎಂಎಂ ಇರತ್ತೆ. ಆ ಚಪ್ಪಟೆ ಭಾಗ ಸೀಳಿನ ಗೋಡೆಗೆ ತಾಗಿ ನಿಲ್ಲತ್ತೆ.

ಲೆಕ್ಕ ಹಾಕಿ ನೋಡಿ. ಸಣ್ಣ ಗೇರ್ ಮೋಟಾರು ಏರಲ್ಲಿ ಎಳೆಯೋವಾಗ 40 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ತಿರುಚೋ ಬಲ, ಕೊಡತ್ತೆ ಅಂತ ಇಟ್ಕೊಳ್ಳೋಣ. ಎರಡು ಕಾಲಿಗೆ ಹಂಚಿದ್ರೆ ಒಂದಕ್ಕೆ 20. ಅದನ್ನ ತಡೆಯೋಕೆ ಸಿಗೋ ಸನ್ನೆ ಉದ್ದ ಒಂದೇ ಒಂದು ಸೆಂಟಿಮೀಟರು, ಯಾಕಂದ್ರೆ ಆಕ್ಸಲ್ ಇರೋದೇ ಅಷ್ಟು. 20 ಅನ್ನ 0.01 ರಿಂದ ಭಾಗಿಸಿದ್ರೆ 2000 ನ್ಯೂಟನ್, ಅಂದ್ರೆ ಹತ್ರ ಹತ್ರ 200 ಕೆಜಿ ಭಾರ ಆ ಸೀಳಿನ ಎರಡು ತುಟಿಗಳನ್ನ ಅಗಲ ಮಾಡೋಕೆ ಒತ್ತತಿರತ್ತೆ, ಪ್ರತಿ ಸಿಗ್ನಲಲ್ಲೂ, ಪ್ರತಿ ಹಂಪ್ ದಾಟಿದ ಮೇಲೂ. ಸ್ಟೀಲ್ ಆದ್ರೆ ಸ್ವಲ್ಪ ಬಾಗತ್ತೆ, ನಂಗೆ ಟಕ್ ಅಂದ ಹಾಗೆ ಸದ್ದು ಮಾಡಿ ಹೇಳತ್ತೆ. ಅಲ್ಯೂಮಿನಿಯಂ ಹಾಗಲ್ಲ, ಅದು ಬಾಗೋಕೆ ಮುಂಚೆ ಬಿರುಕು ಬಿಡತ್ತೆ, ಬಿರುಕು ಪೇಂಟ್ ಕೆಳಗೆ ಬೆಳೀತಾ ಇರತ್ತೆ, ಒಂದಿನ ತುಂಡೇ ಕಳಚಿ ಬರತ್ತೆ. ತುಟಿ ಬಿಟ್ಕೊಂಡ್ರೆ ಆಕ್ಸಲ್ ಗಿರ್ರಂತ ಸುತ್ತಿ ವೈರ್ ಕಿತ್ತು ಚಕ್ರ ಕೆಳಗೆ ಬೀಳತ್ತೆ. ಹಿಂದಿನ ಚಕ್ರಕ್ಕೆ ಹೀಗಾದ್ರೆ ಸೈಕಲ್ ಎಳೆದಾಡಿ ನಿಲ್ಲತ್ತೆ. ಮುಂದೆ ಆದ್ರೆ ಫೋರ್ಕ್ ರಸ್ತೆಗೆ ಕಚ್ಕೊಂಡು ನಾವು ಹ್ಯಾಂಡಲ್ ಮೇಲಿಂದ ಮುಖ ಕೆಳಗೆ ಮಾಡಿ ಹೋಗ್ತೀವಿ.

ಹಾಗಾದ್ರೆ ಯಾವ ಫೋರ್ಕ್ ಆಗತ್ತೆ? ಶಾಕ್ ಅಬ್ಸಾರ್ಬರ್ ಇಲ್ಲದ, ನೆಟ್ಟಗಿನ ಸ್ಟೀಲ್ ಫೋರ್ಕ್ ಎಲ್ಲಕ್ಕಿಂತ ಒಳ್ಳೇದು. ಕಾರ್ಬನ್ ಫೋರ್ಕ್ ಇದ್ರೆ ಯೋಚನೆನೂ ಮಾಡಬೇಡಿ. ಉದ್ದ ಆಕ್ಸಲ್ ತೂತಲ್ಲಿ ತೂರಿಸೋ ಥ್ರೂ ಆಕ್ಸಲ್ ಫೋರ್ಕಿಗೆ ಈ ಮೋಟಾರ್ ಕೂರೋದೇ ಇಲ್ಲ. ಶಾಕ್ ಇರೋ ಫೋರ್ಕ್ ಅಂದ್ರೆ ಅಲ್ಲೇ ಮ್ಯಾಗ್ನೆಟ್ ಕೆಲಸಕ್ಕೆ ಬರೋದು, ಕಡಿಮೆ ರೇಟಿನ ಮೌಂಟನ್ ಬೈಕುಗಳಲ್ಲಿ ಕೆಳಗಿನ ಕಾಲು ಸ್ಟೀಲೇ ಇರೋದುಂಟು, ದುಬಾರಿ ಸೈಕಲಲ್ಲೇ ಹಗುರ ಲೋಹ ಇರೋದು, ತಮಾಷೆ ಅಂದ್ರೆ ಈ ಒಂದು ಕೆಲಸಕ್ಕೆ ಕಮ್ಮಿ ಬೆಲೆ ಸೈಕಲ್ಲೇ ಗಟ್ಟಿ. ಆದ್ರೂ ಶಾಕ್ ಫೋರ್ಕ್ ಸ್ಟೀಲೇ ಆಗಿದ್ರೂ ಎರಡೂ ಕಡೆ ಟಾರ್ಕ್ ಆರ್ಮ್ ಇಲ್ದೆ ನಾನಂತೂ ಹಾಕಲ್ಲ.

ನಮ್ಮ ಅಪ್ಪನ ಕಾಲದ 28 ಇಂಚಿನ ಕಪ್ಪು ಸೈಕಲಿಗೆ ಹಾಕ್ಬೇಕು ಅನ್ನೋ ಆಸೆ ಬಹಳ ಜನಕ್ಕಿರತ್ತೆ, ನಂಗೂ ಇತ್ತು. ಫೋರ್ಕ್ ಒಳ್ಳೇ ಸ್ಟೀಲು, ಅದರಲ್ಲಿ ಎರಡು ಮಾತಿಲ್ಲ. ತಲೆನೋವು ಬೇರೆ ಕಡೆ. ಆ ಸೈಕಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಮಾರ್ಕೆಟಲ್ಲಿ ಸಿಗೋ ಮೋಟಾರಿಗೆ ಸಾಮಾನ್ಯವಾಗಿ 36 ತೂತು. ಹಾಗಾಗಿ ನಿಮ್ಮ ಹಳೇ ರಿಮ್ಮಿಗೆ ಮೋಟಾರ್ ಕಟ್ಟಿಸ್ತೀನಿ ಅಂತ ಹೋದ್ರೆ ಮುಂದಿನ ರಿಮ್ಮೂ ಆಗಲ್ಲ ಹಿಂದಿನದ್ದೂ ಆಗಲ್ಲ. ಸರಿ, ಮೋಟಾರ್ ಕಟ್ಟಿರೋ ರೆಡಿ ಚಕ್ರಾನೇ ತಗೊಂಡ್ರೆ ಅದು ಅಲಾಯ್ ರಿಮ್ಮು, ಕಂಬಿ ಬ್ರೇಕಿನ ರಬ್ಬರು ಒತ್ತೋದು ರಿಮ್ಮಿನ ಒಳಮೈಗೆ, ಕಡ್ಡಿ ಇರೋ ಕಡೆಯಿಂದ, ಅಲಾಯ್ ರಿಮ್ಮಲ್ಲಿ ಅದಕ್ಕೆ ಜಾಗಾನೇ ಇಲ್ಲ, ಪಕ್ಕದಿಂದ ಹಿಡಿಯೋ ಕ್ಯಾಲಿಪರ್ ಬ್ರೇಕ್ ಹಾಕಿಸ್ಬೇಕು, ಅದಕ್ಕೆ ಫೋರ್ಕಿನ ತಲೇಲಿ ತೂತು ಬೇಕು, ಕೈ ಹ್ಯಾಂಡಲ್ ಬದಲಾಯಿಸ್ಬೇಕು, ಹೀಗೆ ಒಂದಕ್ಕೊಂದು ಎಳ್ಕೊಂಡು ಬರತ್ತೆ. ಸೀಳೂ ಸಣ್ಣದು, ಸುಮಾರು 8 ಎಂಎಂ, ಮೋಟಾರಿಗೆ ಬೇಕಿರೋದು 10. ಇಷ್ಟೆಲ್ಲ ಮಾಡಿದ ಮೇಲೆ ಉಳಿಯೋದು ಅಪ್ಪನ ಸೈಕಲಿನ ಫ್ರೇಮ್ ಒಂದೇ. ನಾನು ಅದನ್ನ ಹಾಗೇ ಬಿಟ್ಟೆ, 26 ಇಂಚಿನ ಗೇರಿಲ್ಲದ ಸ್ಟೀಲ್ ಸೈಕಲಿಗೆ ಹಾಕಿದೆ.

ಇಷ್ಟು ಹೆದರಿಸಿದ ಮೇಲೆ ಮುಂದೆ ಯಾಕೆ ಹಾಕ್ಬೇಕು ಅಂತ ಕೇಳ್ತೀರಾ. ಸುಲಭ, ಅದಕ್ಕೇ. ಚೈನು, ಫ್ರೀವೀಲು, ಗೇರು ಯಾವುದನ್ನೂ ಮುಟ್ಟೋ ಹಾಗಿಲ್ಲ, ಹಳೇ ಮುಂದಿನ ಚಕ್ರ ಬಿಚ್ಚಿ ಹೊಸದು ಹಾಕೋದು, ಬೇಡ ಅಂದ್ರೆ ಅರ್ಧ ಗಂಟೇಲಿ ವಾಪಸ್ ಮಾಮೂಲಿ ಸೈಕಲ್. ಬ್ಯಾಟರಿ ಹಿಂದೆ ಕ್ಯಾರಿಯರ್ ಮೇಲೆ ಇದ್ರೆ ಮೋಟಾರ್ ಮುಂದೆ ಇರೋದ್ರಿಂದ ತೂಕ ಎರಡೂ ಕಡೆ ಹಂಚ್ಕೊಳ್ಳತ್ತೆ, ಮೋಟಾರು ಬ್ಯಾಟರಿ ಎರಡೂ ಹಿಂದೆ ಇದ್ರೆ ಮೆಟ್ಟಿಲ ಮೇಲೆ ಎತ್ತೋವಾಗ ಗೊತ್ತಾಗತ್ತೆ ಕಷ್ಟ. ಕಾಲು ಹಿಂದಿನ ಚಕ್ರ ತುಳಿಯತ್ತೆ, ಮೋಟಾರು ಮುಂದಿನದು ಎಳಿಯತ್ತೆ, ಸಪಾಟು ರಸ್ತೇಲಿ ಈ ಜೋಡಿ ನಿಜವಾಗಿ ಚೆನ್ನಾಗಿದೆ.

ಆದ್ರೆ ಹಿಂದೆ ಭಾರ ಹೇರೋರಿಗೆ ಇದು ಆಗಿ ಬರಲ್ಲ. ನಮ್ಮ ಅತ್ತೆ ಊರಲ್ಲಿ ಒಬ್ರು ಡೈರಿಗೆ ಹಾಲು ಹಾಕೋರು, ಕ್ಯಾರಿಯರಿಗೆ ಎರಡು ಕಡೆ ಕ್ಯಾನ್ ನೇತು ಹಾಕ್ಕೊಂಡು ಹೋಗ್ತಾರೆ, ನನ್ನ ಸೈಕಲ್ ನೋಡಿ ನಂಗೂ ಒಂದು ಹಾಕ್ಸಿಕೊಡಪ್ಪ ಅಂದ್ರು. ಮುಂದೆ ಹಾಕಿದ್ರೆ ಏನಾಗತ್ತೆ ಅಂದ್ರೆ, 40 ಲೀಟರ್ ಹಾಲು ಹಿಂದಿನ ಆಕ್ಸಲಿನ ಆಚೆ ಕೂತಾಗ ಮುಂದಿನ ಚಕ್ರ ಮೊದಲೇ ಹಗುರ, ಏರಲ್ಲಿ ಇನ್ನೂ ಭಾರ ಹಿಂದಕ್ಕೆ ಸರಿಯತ್ತೆ, ಆಗ ಮೋಟಾರ್ ಆನ್ ಮಾಡಿದ್ರೆ ಟೈರು ನೆಲ ಕಚ್ಚದೇ ಅಲ್ಲೇ ಗರಗರ ತಿರುಗಿ ಮಣ್ಣು ಹಾರಿಸತ್ತೆ, ಹ್ಯಾಂಡಲ್ ಪಕ್ಕಕ್ಕೆ ಜಾರತ್ತೆ. "ಅಣ್ಣಾ ನಿಮಗೆ ಹಿಂದಿನ ಚಕ್ರದ್ದೇ ಸರಿ, ಹಾಲಿನ ಭಾರಾನೇ ಟೈರನ್ನ ನೆಲಕ್ಕೆ ಒತ್ತತ್ತೆ" ಅಂತ ಹೇಳಿ ಅದನ್ನೇ ಹಾಕ್ಸಿಕೊಟ್ಟೆ. ಹಿಂದೆ ಮಗು ಕೂರಿಸ್ಕೊಂಡು ಸ್ಕೂಲಿಗೆ ಬಿಡೋರು, ತೆಂಗಿನಕಾಯಿ ಮೂಟೆ ಹಾಕೋರು, ಜಲ್ಲಿ ರಸ್ತೆ ಕೆಸರು ರಸ್ತೇಲೇ ದಿನಾ ಓಡಾಡೋರು, ಎಲ್ರಿಗೂ ಇದೇ ಮಾತು.

ಮೋಟಾರ್ ಆರಿಸೋ ವಿಷಯಕ್ಕೆ ಬಂದ್ರೆ, ಎರಡು ಜಾತಿ. ಒಂದು ಗೇರ್ ಹಬ್ಬು, ಒಳಗೆ ಸಣ್ಣ ಮೋಟಾರು ಜೋರಾಗಿ ತಿರುಗಿ ನೈಲಾನ್ ಗೇರುಗಳ ಮೂಲಕ ಚಕ್ರವನ್ನ ನಿಧಾನಕ್ಕೆ ಬಲವಾಗಿ ತಿರುಗಿಸತ್ತೆ, ತೂಕ 2 ರಿಂದ 3 ಕೆಜಿ, ಒಳಗೆ ಕ್ಲಚ್ ಇರೋದ್ರಿಂದ ಬ್ಯಾಟರಿ ಖಾಲಿ ಆದ್ರೂ ಚಕ್ರ ಹಗುರವಾಗಿ ಉರುಳತ್ತೆ. ಇನ್ನೊಂದು ಡೈರೆಕ್ಟ್ ಡ್ರೈವ್, ಅನ್ನದ ತಟ್ಟೆಯಷ್ಟು ಅಗಲ, 4 ಕೆಜಿ ಮೇಲೇ ತೂಗತ್ತೆ, ಸದ್ದಿಲ್ಲ, ಸವೆಯೋಕೆ ಗೇರಿಲ್ಲ, ಆದ್ರೆ ಪವರ್ ಆಫ್ ಮಾಡಿ ತುಳಿದ್ರೆ ಬ್ರೇಕ್ ಹಿಡಿದ ಹಾಗೆ ಎಳೀತಿರತ್ತೆ, ಏರಲ್ಲಿ ನಿಧಾನ ಆದಷ್ಟೂ ಬಿಸಿ ಆಗತ್ತೆ. ಮುಂದಿನ ಚಕ್ರಕ್ಕೆ ಸಣ್ಣ ಗೇರ್ ಹಬ್ಬೇ ಸರಿ, ನನ್ನ ಮಟ್ಟಿಗೆ ಇದರಲ್ಲಿ ಚರ್ಚೆನೇ ಇಲ್ಲ. ಡೈರೆಕ್ಟ್ ಡ್ರೈವಲ್ಲಿ ಬ್ರೇಕ್ ಹಿಡಿದಾಗ ಬ್ಯಾಟರಿಗೆ ಚಾರ್ಜ್ ವಾಪಸ್ ಹೋಗೋ ರೀಜನ್ ಇರತ್ತಲ್ಲ, ಅದು ಕೇಳೋಕೆ ಚೆಂದ, ಆದ್ರೆ ಆಕ್ಸಲನ್ನ ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ತಿರುಚಿ ತಿರುಚಿ ನಟ್ಟು ಸಡಿಲ ಮಾಡೋದ್ರಲ್ಲಿ ಅದು ಎತ್ತಿದ ಕೈ.

ಕಂಟ್ರೋಲರ್ ಮೇಲೆ 15 ಆಂಪ್ ಅಂತ ಬರೆದಿದ್ರೆ 36 ರಿಂದ ಗುಣಿಸಿ, 540 ವ್ಯಾಟ್. ಅಂದ್ರೆ 250 ಅಂತ ಮಾರೋ ಮೋಟಾರು ಹೊರಡೋವಾಗ ಬ್ಯಾಟರಿಯಿಂದ ಅದರ ಎರಡರಷ್ಟು ಎಳೀತಿರತ್ತೆ, ಫೋರ್ಕ್ ತಡ್ಕೋಬೇಕಾದ್ದು ಅದನ್ನ. 500, 1000 ವ್ಯಾಟಿನ ಮುಂದಿನ ಚಕ್ರಗಳೂ ಮಾರಾಟಕ್ಕಿವೆ, ಯಾರೋ ಒಬ್ರು ಹಾಕ್ಕೊಂಡು ಚಾಮುಂಡಿ ಬೆಟ್ಟ ಹತ್ತಿದ್ರು ಅಂತ ನಾವು ಹಾಕೋಕಾಗಲ್ಲ. ಬೆಟ್ಟದ ಮಾತು ಬಂತು ಅಂತ ಹೇಳ್ತೀನಿ, ನಾವೂ ಸೈಕಲ್ಲೂ ಸೇರಿ 100 ಕೆಜಿ ಆದ್ರೆ 300 ಮೀಟರ್ ಎತ್ತರ ಏರೋಕೆ ಬರೀ ಎತ್ತೋದಕ್ಕೇ 82 ವ್ಯಾಟ್ ಅವರ್ ಬೇಕು, ಮೋಟಾರಲ್ಲಿ ಬಿಸಿಯಾಗಿ ಹೋಗೋದನ್ನ ಸೇರಿಸಿದ್ರೆ 110, 120. ಸಣ್ಣ ಬ್ಯಾಟರಿ ಅರ್ಧದ ಹತ್ರ ಅಲ್ಲೇ ಮುಗೀತು. ಕಾಲೂ ತುಳೀಬೇಕು ಸ್ವಾಮಿ.

ಕಾನೂನು ಏನು ಹೇಳತ್ತೆ ಅಂತ ಬಹಳ ಜನ ಕೇಳಲ್ಲ, ಕೇಳಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದೆ, ಮೋಟಾರಿನ 30 ನಿಮಿಷದ ಪವರ್ 0.25 ಕಿಲೋವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ರೆ ಅದು ಮೋಟಾರು ವಾಹನ ಅಲ್ಲ, ನಂಬರ್ ಪ್ಲೇಟ್ ಬೇಡ. ತುಳಿಯೋ ಸೈಕಲಿಗೆ ಸಹಾಯಕ್ಕೆ ಅಂತ ಮೋಟಾರ್ ಹಾಕಿದ್ರೆ ಮುಂದೆ ಬಿಳಿ ಹಿಂದೆ ಕೆಂಪು ರಿಫ್ಲೆಕ್ಟರ್, ಸರಿಯಾದ ಬ್ರೇಕು ಇರಬೇಕು, ಬ್ಯಾಟರಿ ಬಿಟ್ಟು ತೂಕ 60 ಕೆಜಿ ದಾಟಬಾರದು, ತುಳಿಯೋದು ನಿಲ್ಲಿಸಿದ್ರೆ ಇಲ್ಲಾ 25 ಮುಟ್ಟಿದ್ರೆ ಮೋಟಾರ್ ನಿಲ್ಲಬೇಕು ಅಂತಾನೂ ಇದೆ. ಅದಕ್ಕಿಂತ ದೊಡ್ಡದು ಹಾಕಿದ್ರೆ ಪೊಲೀಸ್ ಹಿಡೀತಾರೋ ಬಿಡ್ತಾರೋ ಬೇರೆ ಮಾತು, ಯಾರಿಗಾದ್ರೂ ಗುದ್ದಿದ ದಿನ ನೀವು ಲೈಸೆನ್ಸೂ ಇನ್ಶೂರೆನ್ಸೂ ಇಲ್ದೆ ಮೋಟಾರು ವಾಹನ ಓಡಿಸಿದೋರು ಆಗ್ತೀರಿ.

ಈಗ ಕೂರಿಸೋ ಕೆಲಸ. ಹಳೇ ಚಕ್ರ ತೆಗೆದು ಫೋರ್ಕಿನ ಎರಡು ಕಾಲಿನ ಒಳ ಅಂತರ ಅಳೀರಿ, 100 ಎಂಎಂ ಇರಬೇಕು. ಸ್ಟೀಲ್ ಫೋರ್ಕಲ್ಲಿ ನಾಲ್ಕೈದು ಎಂಎಂ ಕಡಿಮೆ ಇದ್ರೆ ಕೈಯಲ್ಲಿ ಅಗಲಿಸಿ ಕೂರಿಸಬಹುದು, ಅಲ್ಯೂಮಿನಿಯಂ ಅಗಲಿಸೋಕೆ ಹೋಗಬೇಡಿ. ಸೀಳು 9 ಎಂಎಂ ಇದ್ರೆ ಚಪ್ಪಟೆ ಅರ ತಗೊಂಡು ಎರಡು ಗೋಡೇನೂ ಅರ್ಧರ್ಧ ಎಂಎಂ ಉಜ್ಜಬೇಕು, ಉಜ್ಜೋದು, ಆಕ್ಸಲ್ ಹಿಡಿದು ನೋಡೋದು, ಮತ್ತೆ ಎರಡು ಸಲ ಉಜ್ಜೋದು, ಹೀಗೇ. ಆಕ್ಸಲ್ ಒತ್ತಿದ್ರೆ ಹೋಗಬೇಕು, ಬಿಟ್ರೆ ಬೀಳಬಾರದು, ಅಷ್ಟು ಬಿಗಿ ಇರಬೇಕು. ಗ್ರೈಂಡರ್ ಮೆಷಿನ್ ಹಾಕಿದ್ರೆ ಒಂದೇ ಸೆಕೆಂಡಲ್ಲಿ ಜಾಸ್ತಿ ಹೋಗಿ ಲೂಸ್ ಆಗತ್ತೆ, ಲೂಸ್ ಆದ ಸೀಳಲ್ಲಿ ಆಕ್ಸಲ್ ಅಲ್ಲಾಡೋಕೆ ಶುರು ಮಾಡಿದ್ರೆ ಮುಗೀತು ಕಥೆ. ಆಕ್ಸಲನ್ನ ಮಾತ್ರ ಅರದಲ್ಲಿ ಮುಟ್ಟಲೇಬಾರದು, ಒಂದು ಪಕ್ಕ ಅದು ವೈರ್ ಹೋಗೋಕೆ ಟೊಳ್ಳಾಗಿರತ್ತೆ. ಉಜ್ಜಿದ ಜಾಗಕ್ಕೆ ಒಂದು ತೊಟ್ಟು ಪೇಂಟ್ ಹಚ್ಚಿ, ಇಲ್ಲಾಂದ್ರೆ ಮಳೆಗಾಲಕ್ಕೆ ತುಕ್ಕು.

ಸೀಳಿನ ಮೇಲ್ತುದಿಗೆ ಆಕ್ಸಲ್ ಪೂರ್ತಿ ಹೋಗಿ ಮುಟ್ಟಿರಬೇಕು. ಸೈಕಲ್ ತಲೆಕೆಳಗೆ ಮಾಡಿ ಹಾಕಿದ್ರೆ ಕೂತಿದೆ ಅನ್ಸತ್ತೆ, ನೆಟ್ಟಗೆ ನಿಲ್ಲಿಸಿ ಹ್ಯಾಂಡಲ್ ಮೇಲೆ ಭಾರ ಹಾಕಿ ಆಮೇಲೆ ನಟ್ಟು ಬಿಗಿ ಮಾಡಿ. ಕೆಲವು ಫೋರ್ಕಲ್ಲಿ ಸೀಳಿನ ಸುತ್ತ ಹೊರಗಡೆ ಒಂದು ಅಂಚು ಎದ್ದಿರತ್ತೆ, ಚಕ್ರ ಬೀಳದಿರಲಿ ಅಂತ ಮಾಡಿರೋದು, ಮೋಟಾರಿನ ದೊಡ್ಡ ವಾಷರ್ ಆ ಅಂಚಿನ ಮೇಲೆ ಓರೆಯಾಗಿ ಕೂತ್ಕೊಳ್ಳತ್ತೆ, ಬಿಗಿ ಮಾಡ್ತಾ ಹೋದ್ರೆ ಆಕ್ಸಲ್ಲೇ ಜಾರಿ ಕೆಳಗೆ ಬರತ್ತೆ. ಅಂಚಿನ ಒಳಗೆ ಹಿಡಿಯೋ ಸಿ ಆಕಾರದ ದಪ್ಪ ವಾಷರ್ ಸಿಗತ್ತೆ, ಅದನ್ನ ಮೊದಲು ಹಾಕಿ ಮಟ್ಟ ಮಾಡ್ಕೊಂಡು ಆಮೇಲೆ ಉಳಿದದ್ದು. ಮೂಗಿನ ಹಾಗೆ ಒಂದು ತುದಿ ಬಾಗಿರೋ ವಾಷರ್ ಕಿಟ್ಟಲ್ಲಿ ಬರತ್ತಲ್ಲ, ಆ ಮೂಗು ಸೀಳಿನೊಳಗೆ ಕೂರಬೇಕು. ನಾನು ಮೊದಲ ಸಲ ಮೂಗು ಹೊರಗೆ ತಿರುಗಿಸಿ ಹಾಕಿದ್ದೆ, ಅಲಂಕಾರಕ್ಕೆ.

ಟಾರ್ಕ್ ಆರ್ಮ್ ಅಂದ್ರೆ ಐದಾರು ಎಂಎಂ ದಪ್ಪದ ಸ್ಟೀಲ್ ಪಟ್ಟಿ, ಒಂದು ತುದೀಲಿ ಆಕ್ಸಲಿನ ಚಪ್ಪಟೆಗೆ ಸರಿಯಾಗಿ ಕೂರೋ ತೂತು, ಇನ್ನೊಂದು ತುದಿ ಫೋರ್ಕ್ ಕಾಲಿಗೆ ಕ್ಲಿಪ್ಪಿಂದ ಕಟ್ಟೋದು. ಒಂದು ಸೆಂಟಿಮೀಟರ್ ಇದ್ದ ಸನ್ನೆ ಹತ್ತು ಸೆಂಟಿಮೀಟರ್ ಆಯ್ತು, 200 ಕೆಜಿ 20 ಕೆಜಿ ಆಯ್ತು, ಇಷ್ಟೇ ಅದರ ಜಾದು. ಆದ್ರೆ ಎಲ್ಲಿ ಕಟ್ತೀರಿ ಅನ್ನೋದು ಮುಖ್ಯ. ಆಕ್ಸಲ್ ತಿರುಗೋಕೆ ನೋಡೋದು ಹಿಂದಕ್ಕೆ, ಅಂದ್ರೆ ಮೇಲಕ್ಕೆ ಚಾಚಿರೋ ಪಟ್ಟಿಯ ತುದಿ ಸೈಕಲಿನ ಹಿಂಬದಿಗೆ ಒತ್ತತ್ತೆ. ಪಟ್ಟಿ ಫೋರ್ಕ್ ಕಾಲಿನ ಮುಂಭಾಗಕ್ಕೆ ಇದ್ರೆ ಅದು ಹೋಗಿ ಕಾಲಿಗೇ ಆನ್ಕೊಳ್ಳತ್ತೆ, ಕ್ಲಿಪ್ಪಿಗೆ ಬರೀ ಹಿಡ್ಕೊಂಡಿರೋ ಕೆಲಸ. ಹಿಂಭಾಗಕ್ಕೆ ಕಟ್ಟಿದ್ರೆ ಕಾಲಿಂದ ದೂರ ಎಳೆಯತ್ತೆ, ಎಲ್ಲಾ ಬಲ ಆ ತೆಳ್ಳನೆ ಕ್ಲಿಪ್ ಮೇಲೆ. ಕಿಟ್ಟಲ್ಲಿ ಬರೋ ಕ್ಲಿಪ್ ಕಳಪೆ ಅನ್ಸಿದ್ರೆ ಹಾರ್ಡ್‌ವೇರ್ ಅಂಗಡೀಲಿ ಪೈಪಿಗೆ ಹಾಕೋ ಸ್ಟೇನ್‌ಲೆಸ್ ಸ್ಕ್ರೂ ಕ್ಲಿಪ್ ಸಿಗತ್ತೆ, ಎರಡು ಹಾಕಿ. ವೆಲ್ಡಿಂಗ್ ಶಾಪಲ್ಲಿ ಪಟ್ಟಿ ಕೊರೆಸಿ ಮಾಡಿಸ್ಕೊಳ್ಳೋರೂ ಇದ್ದಾರೆ, ತೂತು ಆಕ್ಸಲಿಗೆ ಬಿಗಿಯಾಗಿ ಕೂತ್ರೆ ಅದೂ ಚೆನ್ನಾಗಿರತ್ತೆ, ಅದರೊಳಗೆ ಆಕ್ಸಲ್ ಅಲ್ಲಾಡಿದ್ರೆ ಪಟ್ಟಿ ಇದ್ದೂ ಇಲ್ಲದ ಹಾಗೆ. ಫೋರ್ಕಿಗೇ ವೆಲ್ಡ್ ಮಾಡ್ಸಿಬಿಡ್ತೀನಿ ಅನ್ನಬೇಡಿ, ತೆಳು ಪೈಪು ಕಾದು ಅಲ್ಲೇ ದುರ್ಬಲ ಆಗತ್ತೆ.

ನಟ್ಟು 35 ರಿಂದ 40 ನ್ಯೂಟನ್ ಮೀಟರ್ ಬಿಗಿ ಬೇಕು. ಟಾರ್ಕ್ ರೆಂಚ್ ಇಲ್ದೋರು ಕಾಲು ಮೀಟರ್ ಉದ್ದದ ಸ್ಪ್ಯಾನರ್ ತುದೀಲಿ 15 ಕೆಜಿ ಅಕ್ಕಿ ಚೀಲ ನೇತು ಹಾಕಿದಷ್ಟು ಬಲ ಅಂದ್ಕೊಳ್ಳಿ. ಅದಕ್ಕಿಂತ ಜಾಸ್ತಿ ಪೌರುಷ ತೋರಿಸಿದ್ರೆ ನಟ್ಟಿನ ಮರೆ, ಅಂದ್ರೆ ಥ್ರೆಡ್, ಕಿತ್ತು ಬರತ್ತೆ. ವೈರು ಆಕ್ಸಲಿಂದ ಹೊರಗೆ ಬರೋ ಜಾಗದಲ್ಲಿ ಮೊದಲು ಕೆಳಕ್ಕೆ ಇಳಿದು ಒಂದು ಬಳುಕು ತಗೊಂಡು ಆಮೇಲೆ ಮೇಲಕ್ಕೆ ಹೋಗ್ಬೇಕು, ಮಳೆನೀರು ವೈರ್ ಮೇಲೆ ಹರ್ಕೊಂಡು ಬಂದು ಆ ಬಳುಕಲ್ಲಿ ತೊಟ್ಟಿಕ್ಕತ್ತೆ, ಮೋಟಾರ್ ಒಳಗೆ ಹೋಗಲ್ಲ. ಮೇಲೆ ಹ್ಯಾಂಡಲ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ವೈರ್ ಎಳೆದಾಡಲ್ಲ ಅಂತ ನೋಡ್ಕೊಂಡು ಆಮೇಲೆ ವೈರ್ ಕಟ್ಟೋ ಪ್ಲಾಸ್ಟಿಕ್ ಟ್ಯಾಗ್ ಹಾಕಿ. ಮೋಟಾರ್ ಮೇಲೆ ಬಾಣದ ಗುರುತು ಇದ್ರೆ ಚಕ್ರ ತಿರುಗೋ ದಿಕ್ಕಿಗೇ ಇರಬೇಕು.

ಬ್ರೇಕಿನ ಬಗ್ಗೆ ಜನ ಆಮೇಲೆ ನೋಡೋಣ ಅಂತಾರೆ, ಅದಕ್ಕೆ ನಂಗೆ ಸಿಟ್ಟು. 15ರಲ್ಲಿ ಹೋಗ್ತಿದ್ದ ಸೈಕಲ್ 25ರಲ್ಲಿ ಹೋದ್ರೆ ನಿಲ್ಲಿಸೋಕೆ ಬೇಕಾದ ಶಕ್ತಿ ಹತ್ರ ಹತ್ರ ಮೂರರಷ್ಟು, ಮೇಲಿಂದ ಬ್ಯಾಟರಿ ಮೋಟಾರಿನ ಆರೇಳು ಕೆಜಿ. ಸವೆದ ರಬ್ಬರ್ ಬದಲಾಯಿಸಿ, ಕೇಬಲ್ ಹೊಸದು ಹಾಕಿ, ಡಿಸ್ಕ್ ಇದ್ರೆ ಮೋಟಾರಿನ ಹೊಟ್ಟೆ ಕ್ಯಾಲಿಪರಿಗೆ ತಾಗತ್ತಾ ನೋಡಿ. ಕಿಟ್ಟಲ್ಲಿ ಬರೋ ಬ್ರೇಕ್ ಲಿವರಿಗೆ ಒಂದು ಸಣ್ಣ ಸ್ವಿಚ್ ಇರತ್ತೆ, ಹಿಡಿದ ತಕ್ಷಣ ಮೋಟಾರ್ ಆಫ್ ಮಾಡತ್ತೆ. ಹಳೇ ಲಿವರ್ ಚೆನ್ನಾಗೇ ಇದ್ಯಲ್ಲ ಅಂತ ಅದನ್ನ ಡಬ್ಬೀಲೇ ಬಿಡೋರಿದ್ದಾರೆ. ಥ್ರಾಟಲ್ ಸಿಕ್ಕಾಕ್ಕೊಂಡು ಬಿಟ್ರೆ ಮುಂದಿನ ಚಕ್ರ ಎಳ್ಕೊಂಡು ಹೋಗ್ತಿರತ್ತೆ, ನೀವು ಅದೇ ಚಕ್ರದ ಬ್ರೇಕ್ ಹಿಡಿದು ಗುದ್ದಾಡ್ತಿರ್ತೀರ, ಆಗ ನೆನಪಾಗತ್ತೆ ಡಬ್ಬಿ.

ತುಳೀತಿದೀವಾ ಅಂತ ನೋಡಿ ಮೋಟಾರ್ ಆನ್ ಮಾಡೋ ಪೆಡಲ್ ಸೆನ್ಸರ್ ಹಾಕೋದು ಸುಲಭ, ಪೆಡಲ್ ಅಚ್ಚಿಗೆ ಮ್ಯಾಗ್ನೆಟ್ ಬಿಲ್ಲೆ ಕೂರಿಸೋದಷ್ಟೇ, ಪೆಡಲ್ ಕೂತಿರೋ ಕೋಲು, ಅಂದ್ರೆ ಕ್ರ್ಯಾಂಕು, ಪಿನ್ ಹೊಡೆದಿರೋ ಹಳೇದು ಆದ್ರೆ ಮಾತ್ರ ಒದ್ದಾಟ.

ಬ್ಯಾಟರಿ 36 ವೋಲ್ಟ್ 7.5 ಆಂಪ್ ಅವರ್ ಅಂದ್ರೆ 270 ವ್ಯಾಟ್ ಅವರ್. ತುಳೀತಾ ಹೋದ್ರೆ ಕಿಲೋಮೀಟರಿಗೆ ಸುಮಾರು 10, ಅಂದ್ರೆ 25 ಕಿಲೋಮೀಟರ್ ಧಾರಾಳ, ಬರೀ ಥ್ರಾಟಲಲ್ಲಿ ಹೋದ್ರೆ ಅದಕ್ಕಿಂತ ಸಾಕಷ್ಟು ಕಮ್ಮಿ. ಕರೆಂಟ್ ಒಂದು ಸಲಕ್ಕೆ ಯೂನಿಟ್ಟಿನ ಮೂರನೇ ಒಂದು ಭಾಗ, ಎರಡು ಮೂರು ರೂಪಾಯಿ. ಲಿಥಿಯಂ ಅಯಾನಿನ 36 ವೋಲ್ಟ್ ಪ್ಯಾಕಿಗೆ 42 ವೋಲ್ಟಿನ ಚಾರ್ಜರ್ರೇ ಹಾಕ್ಬೇಕು, 48 ವೋಲ್ಟ್ ಬ್ಯಾಟರಿಯ ಚಾರ್ಜರ್ 54.6 ಕೊಡತ್ತೆ, ಪಿನ್ ಒಂದೇ ಥರ ಇರೋದ್ರಿಂದ ಒಳಗೆ ಹೋಗಿಬಿಡತ್ತೆ, ಹಾಗಾಗಿ ಮನೇಲಿ ಎರಡು ಥರ ಚಾರ್ಜರ್ ಇದ್ರೆ ಬಣ್ಣದ ಟೇಪ್ ಸುತ್ತಿ. ರಾತ್ರಿ ಎಲ್ಲಾ ಮಲಗಿದಾಗ ಚಾರ್ಜಿಗೆ ಹಾಕಬೇಡಿ, ಹೊರಗೆ ಹೋಗೋ ಬಾಗಿಲ ಹತ್ರ ಇಟ್ಟು ಹಾಕಬೇಡಿ, ಹಾಸಿಗೆ ಸೋಫಾ ಪಕ್ಕ ಬೇಡ. ಬಿಸಿಲಲ್ಲಿ ಓಡಿಸಿ ಬಂದು ಬಿಸಿ ಇರೋವಾಗಲೇ ಸಿಕ್ಕಿಸದೇ ಅರ್ಧ ಗಂಟೆ ಬಿಡಿ. ಕೆಳಗೆ ಬಿದ್ದು ಉಬ್ಬಿರೋ ಪ್ಯಾಕನ್ನ ಮತ್ತೆ ಚಾರ್ಜ್ ಮಾಡೋ ಸಾಹಸ ಯಾರೂ ಮಾಡಬೇಡಿ.

ಎಲ್ಲಾ ಆದ ಮೇಲೆ ಚಕ್ರ ಗಾಳೀಲಿ ಎತ್ತಿ ತಿರುಗಿಸಿ ನೋಡಿ, ಬ್ರೇಕ್ ಹಿಡಿದ್ರೆ ನಿಲ್ಲತ್ತಾ ನೋಡಿ, ಆಮೇಲೆ ಆಕ್ಸಲ್ ತುದಿ ಮತ್ತು ಫೋರ್ಕ್ ಎರಡರ ಮೇಲೂ ಹಾಯೋ ಹಾಗೆ ಮಾರ್ಕರಲ್ಲಿ ಒಂದು ನೆಟ್ಟಗೆರೆ ಎಳೀರಿ. ನನ್ನ ಇಡೀ ಅನುಭವದಲ್ಲಿ ಉಪಯೋಗಕ್ಕೆ ಬಂದಿದ್ದು ಈ ಎರಡು ರೂಪಾಯಿ ಗೆರೆ. ಬೆಳಗ್ಗೆ ಬೀಗ ತೆಗೆಯೋವಾಗ ಕಣ್ಣು ಹಾಯಿಸಿದ್ರೆ ಸಾಕು, ಗೆರೆ ಮುರಿದಿದ್ರೆ ಆಕ್ಸಲ್ ಅಲ್ಲಾಡಿದೆ, ಅವತ್ತು ಬಸ್ಸು. ಮೊದಲ 10 ಕಿಲೋಮೀಟರ್ ಆದ ಮೇಲೆ ನಟ್ಟಿಗೆ ಒಂದ್ಸಲ ಸ್ಪ್ಯಾನರ್ ಹಾಕಿ, 50ಕ್ಕೆ ಒಂದ್ಸಲ, 100ಕ್ಕೆ ಮತ್ತೊಂದ್ಸಲ. ಆ ಹೊತ್ತಿಗೆ ಕಡ್ಡಿಗಳೂ ಸಡಿಲ ಆಗಿರ್ತವೆ, ಮೋಟಾರ್ ಚಕ್ರದ ಕಡ್ಡಿ ಗಿಡ್ಡ, ಬಲ ಜಾಸ್ತಿ, ಶಾಪಿಗೆ ಹೋಗಿ ಬೆಂಡ್ ತೆಗೆಸಿ ಬಿಗಿ ಮಾಡಿಸಿ.

ಓಡಿಸೋದ್ರಲ್ಲಿ ಒಂದೇ ಹೊಸ ಅಭ್ಯಾಸ ಬೇಕು, ತಿರುವಲ್ಲಿ ಮೋಟಾರ್ ಬೇಡ. ಮಳೆ ಬಂದಾಗ ಜೀಬ್ರಾ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಮರದ ಕೆಳಗೆ ಉದುರಿದ ಹೂವು ಎಲೆ, ಇವುಗಳ ಮೇಲೆ ಮುಂದಿನ ಚಕ್ರ ಎಳೀತಾ ತಿರುಗಿದ್ರೆ ಜಾರಿಬಿಡತ್ತೆ, ಹಿಂದಿನ ಚಕ್ರ ಜಾರಿದ್ರೆ ಕಾಲು ಕೊಟ್ಟು ಸಂಭಾಳಿಸಬಹುದು, ಮುಂದಿನದು ಜಾರಿದ್ರೆ ಗೊತ್ತಾಗೋ ಹೊತ್ತಿಗೆ ನೆಲದ ಮೇಲಿರ್ತೀವಿ. ತಿರುವಿನ ಮುಂಚೆ ಥ್ರಾಟಲ್ ಬಿಡಿ, ನೆಟ್ಟಗಾದ ಮೇಲೆ ಕೊಡಿ. ಸೈಕಲ್ ತೊಳೆಯೋವಾಗ ವಾಟರ್ ಸರ್ವೀಸಿನ ಪೈಪಲ್ಲಿ ಹೊಡೆಸಬೇಡಿ, ಒದ್ದೆ ಬಟ್ಟೆ ಸಾಕು.

ಇನ್ನು ಪಂಚರ್. ಮುಂದಿನ ಚಕ್ರ ಬಿಚ್ಚೋದು ಈಗ ದೊಡ್ಡ ಕೆಲಸ, ಟಾರ್ಕ್ ಆರ್ಮು, ವಾಷರು, ವೈರು. ಬಿಚ್ಚಲೇಬೇಡಿ. ಪಂಚರ್ ಶಾಪಿನೋರು ಎಷ್ಟೋ ಸಲ ಮಾಡೋ ಹಾಗೆ ಚಕ್ರ ಅಲ್ಲೇ ಇಟ್ಟು ಟೈರನ್ನ ಒಂದು ಪಕ್ಕ ಬಿಡಿಸಿ, ಟ್ಯೂಬ್ ಹೊರಗೆಳೆದು, ಪ್ಯಾಚ್ ಹಾಕಿ ಒಳಗೆ ತುರುಕಿಬಿಡಿ. ಬಿಚ್ಚೋಕೆ ಹೊರಟ್ರೆ ಅವರಿಗೆ ಮೊದಲೇ ಹೇಳಿ, ವಾಷರುಗಳ ಸಾಲು ತಪ್ಪದ ಹಾಗೆ ಫೋಟೋ ಹೊಡ್ಕೊಂಡು ಇಟ್ಕೊಳ್ಳಿ. ನನ್ನ ಬ್ಯಾಗಲ್ಲಿ ಆ ಫೋಟೋದ ಪ್ರಿಂಟೂ ನಟ್ಟಿನ ಸೈಜಿನ ಒಂದು ಸ್ಪ್ಯಾನರೂ ಯಾವಾಗ್ಲೂ ಇರತ್ತೆ. ಶಾಪಿನ ಅಣ್ಣ ಅದನ್ನ ನೋಡಿ, "ಸಾರ್, ಮೊದಲು ಸ್ಪ್ಯಾನರ್ ತಗೊಂಡು ಆಮೇಲೆ ಮೋಟಾರ್ ತಗೊಂಡಿದ್ರೆ ನಂಗೆ ಆ ಫೋರ್ಕ್ ಮಾರೋ ಯೋಗ ಇರ್ತಿರಲಿಲ್ಲ" ಅಂತಾನೆ. ಹೊಸ ಫೋರ್ಕ್ ಅವನ ಹತ್ರಾನೇ ತಗೊಂಡಿದ್ದು.